ಬಾಗಿಲ ಹತ್ತಿರ ಬರುವ ಮಾತು

19 ವರ್ಷದ ಹುಡುಗ. ತಲೆನೋವು, ನಿದ್ದೆ ಇಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ ಅಂತ ಬಂದಿದ್ದ. 20 ನಿಮಿಷ ಅದನ್ನೇ ಮಾತಾಡಿದೆವು. ಹೊರಟವನು ಬಾಗಿಲ ಹಿಡಿಕೆಗೆ ಕೈ ಹಾಕಿ ನಿಂತ. "ಡಾಕ್ಟ್ರೇ, ಇನ್ನೊಂದು ವಿಷ್ಯ..." ಅಂದ, ಮುಂದೆ ಬಾಯಿ ಬರಲಿಲ್ಲ. ಮೊಬೈಲ್ ತೆಗೆದು ನನ್ನ ಕೈಗಿಟ್ಟ. ನಾಲ್ಕು ತಿಂಗಳಿಂದ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡಿದ್ದ. ಮೊದಲ ಸಾಲು: "ಹಲ್ಲುಜ್ಜೋಕೂ ಅರ್ಧ ಗಂಟೆ ಮನಸ್ಸು ಮಾಡ್ಬೇಕು."

ಕೂತ್ಕೋ ಅಂದೆ. ಅವತ್ತಿನ ಭೇಟಿ ಶುರುವಾಗಿದ್ದೇ ಆಗ.

ಮನಸ್ಸಿನ ತೊಂದರೆ ಇರುವ ಹುಡುಗ ಹುಡುಗಿಯರು ನಾಚಿಕೆಯಿಂದ ಡಾಕ್ಟರ ಹತ್ತಿರ ಬರುವುದಿಲ್ಲ ಅನ್ನುತ್ತಾರೆ, ಅದು ನಿಜವೇ. ಆದರೆ ನನ್ನ ಕಿವಿಗೆ ಜಾಸ್ತಿ ಬೀಳುವುದು ಬೇರೆ ಮಾತು: "ನಂದೇನು ಅಷ್ಟು ದೊಡ್ಡದಲ್ಲ, ಸುಮ್ನೆ ನಿಮ್ಮ ಟೈಮ್ ಹಾಳು." 10ರಿಂದ 19 ವರ್ಷದವರಲ್ಲಿ ಏಳು ಜನಕ್ಕೆ ಒಬ್ಬರಿಗೆ ಮಾನಸಿಕ ತೊಂದರೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ದೊಡ್ಡದೋ ಚಿಕ್ಕದೋ ನೀವು ಅಳೆದುಕೊಂಡು ಬರಬೇಕಿಲ್ಲ, ಅಳೆಯುವುದು ನಮ್ಮ ಕೆಲಸ. ಎರಡು ವಾರದಿಂದ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದು, ನಿದ್ದೆ, ಊಟ, ಓದು, ಗೆಳೆಯರ ಜೊತೆಗಿನ ಒಡನಾಟ ಎಲ್ಲ ಏರುಪೇರಾಗಿದ್ದರೆ ಬನ್ನಿ. ಕಾರಣ ಗೊತ್ತಿರಲೇಬೇಕು ಅಂತೇನಿಲ್ಲ.

ಮೊದಲ ಭೇಟಿಯಲ್ಲಿ ನಾವು ಕೇಳುವುದು ಸಾದಾ ಪ್ರಶ್ನೆಗಳು. ಎಷ್ಟು ಹೊತ್ತಿಗೆ ಮಲಗುತ್ತೀರಿ, ಕುಡಿತ ಇದೆಯಾ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ. ಥೈರಾಯ್ಡ್ ಏರುಪೇರಾದರೂ ಸುಸ್ತು, ಬೇಸರ ಬರುತ್ತದೆ, ಹಾಗಾಗಿ ಕೆಲವರಿಗೆ ರಕ್ತ ಪರೀಕ್ಷೆ. ಸಾಯುವ ಯೋಚನೆ ಬಂದಿದೆಯಾ ಅಂತಲೂ ನೇರವಾಗಿ ಕೇಳುತ್ತೇವೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಅನ್ನುವ ಭಯ ತಪ್ಪು, ಕೇಳಿದ ಮೇಲೆ ಎಷ್ಟೋ ಮಕ್ಕಳು ಉಸಿರು ಬಿಡುವುದನ್ನು ನೋಡಿದ್ದೇನೆ. ಜೊತೆಗೆ ಬಂದ ಅಪ್ಪ ಅಮ್ಮನನ್ನು ಹತ್ತು ನಿಮಿಷ ಹೊರಗೆ ಕೂರಿಸುವುದೂ ಇದಕ್ಕೇ. (ಅವರು ಎದ್ದು ಹೋಗುವ ಮುಂಚೆ "ಎಲ್ಲಾ ಆ ಮೊಬೈಲಿಂದ" ಅಂತ ಒಂದು ಮಾತು ಬಿಟ್ಟೇ ಹೋಗುತ್ತಾರೆ.) ಜೀವಕ್ಕೆ ಅಪಾಯ ಇಲ್ಲದಿದ್ದರೆ ನೀವು ಹೇಳಿದ್ದು ನಮ್ಮಲ್ಲೇ ಇರುತ್ತದೆ. 18 ತುಂಬದಿದ್ದರೆ ನಿಯಮ ಸ್ವಲ್ಪ ಬೇರೆ, ಮನೆಯವರಿಗೆ ಏನೇನು ಹೇಳುತ್ತೀರಿ ಅಂತ ಮೊದಲೇ ಕೇಳಿಬಿಡಿ.

ಎಲ್ಲರಿಗೂ ಮಾತ್ರೆ ಬರೆಯುವುದಿಲ್ಲ. ತೊಂದರೆ ಹಗುರವಾಗಿದ್ದರೆ ಮೊದಲು ಮಾತಿನ ಚಿಕಿತ್ಸೆ, ಕೌನ್ಸೆಲರ್ ಹೊಂದದಿದ್ದರೆ ಬದಲಾಯಿಸಿಕೊಳ್ಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾತ್ರೆ ಶುರುವಾದರೆ ಒಂದು ಕಿರಿಕಿರಿ ಇದೆ: ಹೊಟ್ಟೆ ತೊಳಸುವುದು ಮೊದಲ ವಾರದಲ್ಲೇ, ಗುಣ ಕಾಣುವುದಕ್ಕೆ ಎರಡರಿಂದ ಆರು ವಾರ. ಈ ನಡುವೆಯೇ ಎಷ್ಟೋ ಜನ "ಏನೂ ಪ್ರಯೋಜನ ಇಲ್ಲ" ಅಂತ ಬಿಟ್ಟುಬಿಡುತ್ತಾರೆ. ಹೇಳದೆ ನಿಲ್ಲಿಸಬೇಡಿ. 25ರ ಒಳಗಿನ ಕೆಲವರಿಗೆ ಶುರುವಿನಲ್ಲಿ ಚಡಪಡಿಕೆ, ಸಾಯುವ ಯೋಚನೆ ಜಾಸ್ತಿಯಾಗಬಹುದು, ಹಾಗೇನಾದರೂ ಆದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅವತ್ತೇ ಫೋನ್ ಮಾಡಿ, ಯಾರೂ ಸಿಗದಿದ್ದರೆ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಇನ್ನು ಎದುರಿಗೆ ಕೂತಾಗ ಎಲ್ಲಿಂದ ಶುರು ಮಾಡುವುದು ಅಂತ ತೋಚದಿದ್ದರೆ, ಆ ಹುಡುಗನ ಹಾಗೆ ಬರೆದಿಟ್ಟದ್ದನ್ನು ಕೊಡಿ. ಬಾಗಿಲವರೆಗೆ ಹೋಗಿ ಅಲ್ಲ, ಬಂದ ತಕ್ಷಣ.