ಕಂಬಳಿಕೊಪ್ಪೆ ಹಾರುವುದಿಲ್ಲ

ಕಾಮಿಕ್ಸ್ ಬರೆಯುವುದು ಮತ್ತು ಬರೆಯಲು ಕಲಿಸುವುದು ನನ್ನ ವೃತ್ತಿಯಾದ್ದರಿಂದ, ಶಿವಮೊಗ್ಗದ ನನ್ನ ಮೇಜಿನ ಮೇಲೆ ಪ್ರತಿ ಬೇಸಿಗೆಯಲ್ಲೂ ಹತ್ತಾರು ಸೂಪರ್‌ಹೀರೋಗಳು ಬಂದಿಳಿಯುತ್ತಾರೆ. ಬಿಡಿಸಿದವರು ಸಾಗರದವರಿರಲಿ, ತೀರ್ಥಹಳ್ಳಿಯವರಿರಲಿ, ಹೀರೋನ ಬೆನ್ನಿಗೆ ಒಂದು ಕೆಂಪು ಕೇಪ್ ಮಾತ್ರ ತಪ್ಪದೆ ಇರುತ್ತದೆ. ಆರಿದ್ರೆ ಮಳೆಯಲ್ಲಿ ಈ ಬಟ್ಟೆಯ ಗತಿ ಏನು ಎಂದು ನಾನು ಕೇಳುತ್ತೇನೆ. ಮಕ್ಕಳು ನಗುತ್ತಾರೆ. ಆದರೆ ಈ ಪ್ರಶ್ನೆಯನ್ನು ನಾನು ನಿಜವಾಗಿ ಉತ್ತರ ಬೇಕೆಂದೇ ಕೇಳುವುದು.

ಕಾಗದದ ಮೇಲಿನ ಚಿತ್ರ ಅಲುಗಾಡುವುದಿಲ್ಲ. ಆಕಾಶದಲ್ಲಿ ಕೈಚಾಚಿದ ಒಬ್ಬ ಮನುಷ್ಯನನ್ನು ಬಿಡಿಸಿದರೆ ಅವನು ಹಾರುತ್ತಿದ್ದಾನೋ, ಬೀಳುತ್ತಿದ್ದಾನೋ, ಯಾರೋ ಹಗ್ಗ ಕಟ್ಟಿ ತೂಗುಬಿಟ್ಟಿದ್ದಾರೋ ತಿಳಿಯುವುದು ಕಷ್ಟ. ಬೆನ್ನ ಹಿಂದೆ ಒಂದು ಬಟ್ಟೆಯನ್ನು ಪಟಪಟಿಸುವಂತೆ ಬಿಡಿಸಿಬಿಟ್ಟರೆ ದಿಕ್ಕು, ವೇಗ, ಗಾಳಿ ಮೂರೂ ಒಂದೇ ಗೆರೆಯಲ್ಲಿ ಸಿಕ್ಕಿಬಿಡುತ್ತವೆ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರ ಸೂಪರ್‌ಮ್ಯಾನ್ ಅಚ್ಚಾದಾಗ ಅವನಿಗೆ ಹಾರಲು ಬರುತ್ತಿರಲಿಲ್ಲ, ದೂರ ದೂರ ನೆಗೆಯುತ್ತಿದ್ದನಷ್ಟೆ. ಹಾರಾಟ ಬಂದದ್ದು ಕೆಲವು ವರ್ಷಗಳ ನಂತರ. ಕೇಪ್ ಮಾತ್ರ ಮೊದಲ ದಿನದಿಂದಲೇ ಇತ್ತು. ಮೈಗಂಟಿದ ಉಡುಪು, ಅದರ ಮೇಲೊಂದು ಚಡ್ಡಿ, ಇವು ಅಂದಿನ ಸರ್ಕಸ್ಸಿನ ಪೈಲ್ವಾನರಿಂದ ಬಂದವು. ಅದಕ್ಕೂ ಎರಡು ವರ್ಷ ಮೊದಲೇ ಫ್ಯಾಂಟಮ್ ಎಂಬ ಇನ್ನೊಬ್ಬ ಕಾಮಿಕ್ಸ್ ಹೀರೋ ಅಂಥದ್ದೇ ಉಡುಪಿನಲ್ಲಿ ಪತ್ರಿಕೆಗಳ ಪುಟಗಳಲ್ಲಿ ಓಡಾಡುತ್ತಿದ್ದ. ಮೈಗಂಟಿದ ಬಟ್ಟೆಯಲ್ಲಿ ಚಿತ್ರಗಾರನಿಗೂ ಲಾಭವಿದೆ: ಅಂಗರಚನೆ ಗೊತ್ತಿದ್ದರೆ ಸಾಕು, ನೆರಿಗೆ ಬಿಡಿಸುತ್ತ ಕೂರಬೇಕಿಲ್ಲ.

ಬಣ್ಣಗಳ ಕಥೆಯೂ ಹೀಗೆಯೇ. ಅಗ್ಗದ ಕಾಗದ, ನಾಲ್ಕೇ ಶಾಯಿ, ಒರಟು ಅಚ್ಚು ಇದ್ದ ಕಾಲದಲ್ಲಿ ಗಾಢವಾದ ಕೆಂಪು, ನೀಲಿ, ಹಳದಿಗಳು ಪುಟದಿಂದ ಎದ್ದು ಕಾಣುತ್ತಿದ್ದವು. ಹೀರೋಗಳಿಗೆ ಅವು ಸಂದವು, ಹಸಿರು ಮತ್ತು ನೇರಳೆ ಹೆಚ್ಚಾಗಿ ಖಳರ ಪಾಲಾದವು. 1962ರಲ್ಲಿ ಹಲ್ಕ್ ಎಂಬ ದೈತ್ಯ ಹೀರೋ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನಾಗಿದ್ದ. ಆ ಬೂದು ಒಂದೊಂದು ಪುಟದಲ್ಲಿ ಒಂದೊಂದು ಬಗೆಯಾಗಿ ಅಚ್ಚಾದ್ದರಿಂದ ಎರಡನೆಯ ಸಂಚಿಕೆಗೆ ಅವನನ್ನು ಹಸಿರು ಮಾಡಿದರು. ಆ ಹಸಿರಿನಲ್ಲಿ ಗೂಢಾರ್ಥ ಹುಡುಕಿದ ಪ್ರಬಂಧಗಳನ್ನು ಓದುವಾಗೆಲ್ಲ ನನಗೆ ಅಚ್ಚುಕೂಟದಲ್ಲಿ ತಲೆ ಕೆರೆದುಕೊಂಡು ನಿಂತ ಮನುಷ್ಯನ ನೆನಪಾಗುತ್ತದೆ.

ಹೀಗೆ ಈ ಪ್ರಕಾರದ ಒಂದೊಂದು ರೂಢಿಯ ಬೇರಿನಲ್ಲೂ ಎಂದೋ ಯಾರಿಗೋ ಎದುರಾದ ಒಂದು ತೊಡಕು ಇರುತ್ತದೆ. ಮಲೆನಾಡಿನಲ್ಲಿ ಕಥೆ ನಡೆಸುವವರಿಗೆ ಆ ತೊಡಕು ಇದೆಯೋ ಇಲ್ಲವೋ ಎಂಬುದನ್ನು ನೋಡಿಕೊಳ್ಳದೆ ಪರಿಹಾರವನ್ನಷ್ಟೇ ಎತ್ತಿಕೊಂಡು ಬರುವುದರಿಂದಲೇ ನನ್ನ ಮೇಜಿನ ಮೇಲಿನ ಹೀರೋಗಳೆಲ್ಲ ಒಂದೇ ತಾಯ ಮಕ್ಕಳಂತೆ ಕಾಣುವುದು. ಮಳೆಗಾಲದಲ್ಲಿ ನಮ್ಮವರು ಹೊದೆಯುತ್ತಿದ್ದ ಕಂಬಳಿಕೊಪ್ಪೆಯೂ ಒಂದು ಬಗೆಯ ಕೇಪ್ ಆದೀತು, ಆದರೆ ನೀರು ಕುಡಿದ ಕಂಬಳಿ ಹಾರುವುದಿಲ್ಲ, ತೂಗಿಬೀಳುತ್ತದೆ. ಆ ಭಾರವನ್ನೇ ಬಿಡಿಸಬಲ್ಲವರಿಗೆ ಬೇರೆಯೇ ಒಬ್ಬ ಹೀರೋ ಸಿಗುತ್ತಾನೆ.

ಎಲ್ಲಕ್ಕಿಂತ ಹೆಚ್ಚು ಪೇಚಿಗಿಡುವುದು ಗುಟ್ಟಿನ ಗುರುತು. ಕನ್ನಡಕ ಹಾಕಿದರೆ ಪತ್ರಕರ್ತ, ತೆಗೆದರೆ ಸೂಪರ್‌ಮ್ಯಾನ್ ಎಂಬ ಕಟ್ಟುಕಥೆಯನ್ನು ಓದುಗರು ಎಂಬತ್ತಕ್ಕೂ ಹೆಚ್ಚು ವರ್ಷ ಒಪ್ಪಿಕೊಂಡು ಬಂದಿರುವುದಕ್ಕೆ ಕಾರಣ ಆ ಕಥೆ ಮಹಾನಗರದಲ್ಲಿ ನಡೆಯುತ್ತದೆ ಎಂಬುದು. ಅಲ್ಲಿ ಪಕ್ಕದ ಬಾಗಿಲಿನವನ ಮುಖವನ್ನು ಯಾರೂ ನೆಟ್ಟಗೆ ನೋಡುವುದಿಲ್ಲ. ಶಿವಮೊಗ್ಗದ ಗೋಪಿ ವೃತ್ತದಲ್ಲಿ ಸಂಜೆ ಆರಕ್ಕೆ ಮುಖವಾಡ ಹಾಕಿ ನಿಂತರೂ ಹತ್ತು ನಿಮಿಷದೊಳಗೆ ಯಾರಾದರೊಬ್ಬರು ‘ಏನೋ ಮಾರಾಯ, ಇದೇನು ವೇಷ’ ಎಂದು ಕೇಳಿಯಾರು. ಹೊಸನಗರದ ಕಡೆಯ ಒಂಟಿಮನೆಗಳಲ್ಲಂತೂ ಮುಖ ಕಾಣುವ ಅಗತ್ಯವೇ ಇಲ್ಲ. ಕತ್ತಲಲ್ಲಿ ಗುಡ್ಡ ಇಳಿಯುವ ಬೈಕಿನ ಸದ್ದಿನಿಂದ, ಕೆಮ್ಮಿನಿಂದ, ನಾಯಿ ಬೊಗಳುವ ರೀತಿಯಿಂದ ಬಂದವರು ಯಾರೆಂದು ಒಳಗಿನವರು ಹೇಳಿಬಿಡುತ್ತಾರೆ.

ಮರೆವೇಷದ ಕಥೆ ನಮಗೆ ಹೊಸದೇನೂ ಅಲ್ಲ. ವಿರಾಟನಗರದಲ್ಲಿ ಭೀಮ ವಲಲನಾಗಿ ಅಡುಗೆಮನೆ ಸೇರಿದ, ಅರ್ಜುನ ಬೃಹನ್ನಳೆಯಾಗಿ ನಾಟ್ಯಶಾಲೆ ಸೇರಿದ. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸುವ ನಾಡಿನವರಿಗೆ, ಅದರಲ್ಲೂ ತುಂಗೆಯ ದಡದ ಹೊಸಹಳ್ಳಿಯಂತಹ ಗಮಕದ ಊರಿನವರಿಗೆ, ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಕಥೆ ಕಟ್ಟುವವರು ಗಮನಿಸಬೇಕಾದದ್ದು ಗುಟ್ಟು ರಟ್ಟಾಗುವ ಬಗೆಯನ್ನು. ಪಾಂಡವರನ್ನು ಮುಖ ನೋಡಿ ಗುರುತಿಸಿದವರಿಲ್ಲ. ಕೀಚಕ ಸತ್ತ ಸುದ್ದಿ ಹಸ್ತಿನಾವತಿಗೆ ಮುಟ್ಟಿದಾಗ, ಅಂಥವನನ್ನು ಕೊಲ್ಲಬಲ್ಲವರು ಎಷ್ಟು ಮಂದಿ ಎಂಬ ಲೆಕ್ಕದಿಂದಲೇ ದುರ್ಯೋಧನನಿಗೆ ಸುಳಿವು ಸಿಗುತ್ತದೆ. ಮುಖವಾಡ ಎಷ್ಟೇ ಬಿಗಿಯಾಗಿರಲಿ, ತೋಳಿನ ಬಲಕ್ಕೆ ಮರೆವೇಷ ಹಾಕಲು ಭೀಮನಿಂದಾಗಲಿಲ್ಲ.

ಮೊನ್ನೆ ಸಾಗರದ ಕಡೆಯ ಕಾಲೇಜು ಹುಡುಗಿಯೊಬ್ಬಳು ತಂದ ಕಥೆಯಲ್ಲಿ ಹೀರೋ ಒಬ್ಬ ಕೊನೆಗೌಡ, ಅಂದರೆ ಅಡಿಕೆ ಕೊನೆ ಕೊಯ್ಯುವವ. ಅಡಿಕೆ ಮರದ ತುದಿಗೇರಿ, ಮರವನ್ನೇ ತೂಗಿ, ಪಕ್ಕದ ಮರಕ್ಕೆ ದಾಟುವವನನ್ನು ತೋಟದಲ್ಲಿ ನಿಂತು ನೋಡಿದವರಿಗೆ ಅವಳ ಆಯ್ಕೆ ಸರಿಯೆಂದು ತಟ್ಟನೆ ಅನ್ನಿಸುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಜೀಕುವ ಸ್ಪೈಡರ್‌ಮ್ಯಾನ್‌ನ ಕೆಲಸವನ್ನು ಇವರು ಕೂಲಿಗೆ ಮಾಡುತ್ತಾರೆ. ಅವಳ ಮೊದಲ ಕರಡಿನಲ್ಲಿ ಅವನಿಗೂ ಮುಖವಾಡವಿತ್ತು. ಅವನು ಮರ ದಾಟುವ ರೀತಿ ನೋಡಿಯೇ ಇಡೀ ಊರಿಗೆ ಅವನು ಯಾರೆಂದು ಗೊತ್ತಾಗದೇ ಎಂದು ನಾನು ಕೇಳಿದೆ. ಎರಡನೆಯ ಕರಡಿನಲ್ಲಿ ಮುಖವಾಡ ಹೋಯಿತು. ಊರಿಗೆಲ್ಲ ಗೊತ್ತು, ಆದರೆ ಹೊರಗಿನಿಂದ ವಿಚಾರಿಸಲು ಬಂದವರಿಗೆ ಯಾರೂ ಬಾಯಿ ಬಿಡುವುದಿಲ್ಲ. ಒಬ್ಬನ ಗುಟ್ಟಾಗಿದ್ದದ್ದು ಊರಿನ ಗುಟ್ಟಾಯಿತು, ಮತ್ತು ಕಥೆಗೆ ಅಲ್ಲಿಯವರೆಗೆ ಇಲ್ಲದ ಬಿಗಿ ಬಂತು. 2021ರ ಮಲಯಾಳಂ ಚಿತ್ರ ‘ಮಿನ್ನಲ್ ಮುರಳಿ’ ಹಳ್ಳಿಯ ದರ್ಜಿಯೊಬ್ಬನನ್ನು ಸೂಪರ್‌ಹೀರೋ ಮಾಡಿದ್ದರಿಂದ ನಮ್ಮ ಮಕ್ಕಳಿಗೆ ಧೈರ್ಯ ಬಂದಿರುವುದು ನಿಜ. ಸಿಡಿಲು ಹೊಡೆದು ಹೀರೋನಿಗೂ ಖಳನಿಗೂ ಒಟ್ಟಿಗೇ ಶಕ್ತಿ ಬರುವುದನ್ನು ಮಾತ್ರ ಎಲ್ಲರೂ ನಕಲು ಮಾಡುತ್ತಾರೆ.

ಶಕ್ತಿ ಎಲ್ಲಿಂದ ಬಂತು ಎಂಬ ಮೂಲಕಥೆ ಆಯಾ ಕಾಲದ ಭಯವನ್ನು ಹೇಳುತ್ತದೆ. ಅಣುಬಾಂಬಿನ ಭೀತಿಯಲ್ಲಿದ್ದ 1962ರ ಅಮೆರಿಕದಲ್ಲಿ ಸ್ಪೈಡರ್‌ಮ್ಯಾನ್‌ಗೆ ಕಚ್ಚಿದ್ದು ವಿಕಿರಣಕ್ಕೆ ಸಿಕ್ಕ ಜೇಡ. 2002ರ ಚಲನಚಿತ್ರದ ಹೊತ್ತಿಗೆ ಅದು ತಳಿ ಬದಲಿಸಿದ ಜೇಡವಾಯಿತು. ಇದನ್ನು ಪಾಠದಲ್ಲಿ ಹೇಳಿದ ಮರುದಿನವೇ ಒಬ್ಬ ಹುಡುಗ ಉಣ್ಣಿ ಕಚ್ಚಿ ಶಕ್ತಿ ಪಡೆದ ಹೀರೋನನ್ನು ಬರೆದು ತಂದ. ತರ್ಕ ಸರಿಯಾಗಿಯೇ ಇತ್ತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, ಅದನ್ನು ಹರಡುವುದು ಉಣ್ಣಿ, ಮತ್ತು ಕಾಡಂಚಿನ ಮನೆಗಳಲ್ಲಿ ಇಂದಿಗೂ ಬೇಸಿಗೆ ಬಂತೆಂದರೆ ಸತ್ತ ಮಂಗದ ಸುದ್ದಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಶಿಬಿರದಲ್ಲಿ ಅವನ ಪಕ್ಕ ಕುಳಿತಿದ್ದ ಹುಡುಗಿ ಆ ಪುಟಗಳನ್ನು ಓದಿ ಒಂದು ಮಾತೂ ಆಡದೆ ಹಿಂದಿರುಗಿಸಿದಳು. ಅವಳ ಮನೆಯಲ್ಲಿ ಆ ಜ್ವರ ಬಂದುಹೋಗಿತ್ತು. ವಿಕಿರಣದ ಜೇಡ ಕಚ್ಚಿ ಯಾವ ಓದುಗನ ಮನೆಯಲ್ಲೂ ಸಾವು ಸಂಭವಿಸಿರಲಿಲ್ಲ ಎಂಬ ವ್ಯತ್ಯಾಸವನ್ನು ನಾನೇ ಮೊದಲು ಹೇಳಬೇಕಿತ್ತು. ಕಥೆಯನ್ನು ಕೈಬಿಡು ಎಂದು ನಾನು ಹೇಳಲಿಲ್ಲ. ಜ್ವರದ ದಿನಗಳನ್ನು ಅರ್ಧ ಚೌಕದಲ್ಲಿ ಮುಗಿಸಬೇಡ, ಅವಕ್ಕೆ ಎರಡು ಪುಟ ಕೊಡು ಎಂದೆ.

ಕಳೆದುಹೋದ ಮನೆಯೂ ಈ ಪ್ರಕಾರದ ಹಳೆಯ ರೂಢಿ. ಸೂಪರ್‌ಮ್ಯಾನ್‌ನ ಹುಟ್ಟುಗ್ರಹ ಕ್ರಿಪ್ಟಾನ್ ಸಿಡಿದುಹೋಯಿತು. ಅದನ್ನು ಕಲ್ಪಿಸಿದ ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳಾಗಿದ್ದರು. ಬೇರೆ ಊರುಗಳ ಮಕ್ಕಳಿಗೆ ಗ್ರಹವೊಂದು ಇಲ್ಲವಾಗುವುದನ್ನು ನಾನು ವಿವರಿಸಬೇಕಾಗುತ್ತದೆ, ಶರಾವತಿ ಮುಳುಗಡೆಯ ಮನೆತನಗಳಿಂದ ಬಂದವರಿಗೆ ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅಜ್ಜನ ಊರು ನೀರಿನಡಿ ಸೇರಿತೆಂಬುದನ್ನು ಅವರು ಕೇಳುತ್ತಲೇ ಬೆಳೆದಿದ್ದಾರೆ. 1948ರ ಮಡೆನೂರು ಅಣೆಕಟ್ಟು ಕೂಡ ಅದೇ ನೀರಿನಲ್ಲಿ ಮುಳುಗಿದೆ, ನೀರಿಳಿದ ಬೇಸಿಗೆಗಳಲ್ಲಿ ಮೇಲೆ ಕಾಣಿಸಿಕೊಳ್ಳುತ್ತದೆ. ಕ್ರಿಪ್ಟಾನ್ ಹೀಗೆ ಮತ್ತೆ ಮತ್ತೆ ತಲೆಯೆತ್ತುವುದಿಲ್ಲ. ಈ ಅನುಕೂಲವನ್ನು ಬಳಸಿಕೊಂಡ ಕಥೆಯೊಂದು ಇನ್ನೂ ನನ್ನ ಮೇಜಿಗೆ ಬಂದಿಲ್ಲ.

ದೌರ್ಬಲ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೋಲಲಾರದವನ ಕಥೆ ಎರಡನೆಯ ಸಂಚಿಕೆಗೇ ಸಪ್ಪೆಯಾಗುತ್ತದೆ, ಆದ್ದರಿಂದ ಸೂಪರ್‌ಮ್ಯಾನ್‌ನ ಬಲ ಕುಗ್ಗಿಸುವ ಕ್ರಿಪ್ಟೊನೈಟ್ ಎಂಬ ಹಸಿರು ಕಲ್ಲು ಬೇಕಾಯಿತು. ಅದು ಮೊದಲು ಬಂದದ್ದು 1943ರ ರೇಡಿಯೊ ಸರಣಿಯಲ್ಲಿ. ಹಿರಣ್ಯಕಶಿಪುವಿನ ವರದಲ್ಲಿ ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತು ಉಳಿದುಹೋದ ಕಥೆ ಗೊತ್ತಿದ್ದವರು ಹಸಿರು ಕಲ್ಲಿಗೆ ಕೈಚಾಚಬಾರದೆಂಬುದು ನನ್ನ ಅಭಿಪ್ರಾಯ. ಹೀರೋ ಕೊಲ್ಲಬಾರದೆಂಬ ನಿಯಮಕ್ಕೂ ವ್ಯಾಪಾರದ ನಂಟಿದೆ: ಖಳ ಬದುಕಿದ್ದರೆ ಮುಂದಿನ ತಿಂಗಳೂ ಬರಬಹುದು. ಒಳ್ಳೆಯದೇ ಗೆಲ್ಲಬೇಕೆಂಬ ಕಟ್ಟಳೆಯನ್ನು 1954ರಲ್ಲಿ ಅಮೆರಿಕದ ಪ್ರಕಾಶಕರೇ ಟೀಕೆಗೆ ಹೆದರಿ ತಮ್ಮ ಮೇಲೆ ಹೇರಿಕೊಂಡರು, 2011ರ ಹೊತ್ತಿಗೆ ಅದನ್ನು ಪಾಲಿಸುವವರು ಯಾರೂ ಉಳಿದಿರಲಿಲ್ಲ.

ಕೊನೆಗೌಡನ ಕಥೆಯಲ್ಲಿ ಈಗ ಉಳಿದಿರುವುದು ಜೊತೆಗಾರನ ಸಮಸ್ಯೆ. ಬ್ಯಾಟ್‌ಮ್ಯಾನ್ ತನ್ನೊಳಗೇ ಮಾತಾಡಿಕೊಳ್ಳುವುದನ್ನು ತಪ್ಪಿಸಲು 1940ರಲ್ಲಿ ರಾಬಿನ್‌ನನ್ನು ತಂದರು. ಈ ಹುಡುಗಿ ತಂದ ಜೊತೆಗಾರ ಬಣ್ಣದ ಉಡುಪಿನ ಒಬ್ಬ ಬಾಲಕನಾಗಿದ್ದ, ಅವನಿಗೆ ಕೆಲಸವೇ ಇರಲಿಲ್ಲ. ಕೊನೆ ಕೊಯ್ಯುವಾಗ ಕೆಳಗೆ ಯಾರಿರುತ್ತಾರೆ ಎಂದು ಕೇಳಿದೆ. ಹಗ್ಗ ಹಿಡಿಯುವವರು, ಮೇಲಿನಿಂದ ಜಾರಿಬಿಟ್ಟ ಕೊನೆಯನ್ನು ನೆಲಕ್ಕೆ ಬಡಿಯದಂತೆ ಹಿಡಿದುಕೊಳ್ಳುವವರು ಎಂದಳು. ಹೇಳಿದ ಮೇಲೆ ಸ್ವಲ್ಪ ಹೊತ್ತು ತನ್ನ ಪುಟವನ್ನೇ ನೋಡುತ್ತಿದ್ದು, ಬಾಲಕನನ್ನು ರಬ್ಬರಿನಿಂದ ಅಳಿಸಿ, ಅದೇ ಜಾಗದಲ್ಲಿ ಕತ್ತೆತ್ತಿ ಹಗ್ಗ ಹಿಡಿದ ಒಬ್ಬ ಹೆಂಗಸನ್ನು ಬಿಡಿಸತೊಡಗಿದಳು.