ಹೊಸ ಟೈರ್ ಎರಡೇ ಇದ್ದರೆ ಹಿಂದಕ್ಕೆ ಹಾಕಿಸಿ

ಕಾರಿನ ಮುಂದಿನ ಎರಡು ಟೈರ್ ಸವೆದಿರುತ್ತವೆ. ಹಿಂದಿನವು ಇನ್ನೂ ಒಂದಿಷ್ಟು ದಿನ ಓಡುವ ಹಾಗಿರುತ್ತವೆ. ಮಾಲೀಕರು ಎರಡು ಹೊಸ ಟೈರ್ ಕೊಂಡು, ಸವೆದ ಜಾಗಕ್ಕೇ ಹಾಕಿ ಎನ್ನುತ್ತಾರೆ. "ಹೊಸದನ್ನ ಹಿಂದಕ್ಕೆ ಹಾಕೋಣ, ಹಿಂದಿನದನ್ನ ಮುಂದಕ್ಕೆ ತರೋಣ" ಅಂದ ಕೂಡಲೇ ನನ್ನ ಮುಖ ನೋಡುತ್ತಾರೆ. ಇವನಿಗೇನು ತಲೆ ಕೆಟ್ಟಿದೆಯಾ ಅನ್ನುವ ನೋಟ ಅದು. ಟೈರ್ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಅದು ನನಗೆ ಅಭ್ಯಾಸವಾಗಿದೆ.

ಅವರ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ, ತಿರುಗುವುದೂ ಮುಂದಿನ ಚಕ್ರ. ಬ್ರೇಕ್ ಒತ್ತಿದರೆ ಭಾರ ವಾಲುವುದೂ ಮುಂದಕ್ಕೇ. ಇಷ್ಟೆಲ್ಲ ದುಡಿಯುವವನಿಗೆ ತಾನೇ ಹೊಸ ಚಪ್ಪಲಿ ಕೊಡಬೇಕು? ಹಿಂದಿನ ಚಕ್ರಗಳು ಸುಮ್ನೆ ಉರುಳಿಕೊಂಡು ಬರುತ್ತವೆ, ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಬಾಣದ ಬಾಲಕ್ಕೆ ಗರಿ ಕಟ್ಟುತ್ತಾರಲ್ಲ, ಹಿಂದಿನ ಟೈರ್‌ಗಳದ್ದು ಆ ಕೆಲಸ. ಗಾಡಿಯನ್ನು ನೆಟ್ಟಗೆ ಇಡುವುದು ಅವೇ. ಅವು ಹಿಡಿತ ಬಿಟ್ಟರೆ ಬಾಲ ಮುಂದೆ ಬರಲು ನೋಡುತ್ತದೆ, ಗಾಡಿ ಬುಗುರಿಯ ಹಾಗೆ ತಿರುಗುತ್ತದೆ.

ಒಣ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಯಾವ ಟೈರ್ ಎಲ್ಲಿದ್ದರೂ ಗೊತ್ತಾಗುವುದಿಲ್ಲ. ವ್ಯತ್ಯಾಸ ಕಾಣಿಸುವುದು ಮಳೆಯಲ್ಲಿ. ಒಂದು ಸಣ್ಣ ಲೆಕ್ಕ ಹಾಕೋಣ. ಟೈರ್ ಅಗಲ 185 ಮಿಲಿಮೀಟರ್, ರಸ್ತೆ ಮೇಲೆ ನಿಂತ ನೀರು ಬರೀ 2 ಮಿಲಿಮೀಟರ್, ವೇಗ ಗಂಟೆಗೆ 80 ಕಿಲೋಮೀಟರ್. ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಗುಣಿಸಿ ನೋಡಿದರೆ ಒಂದೊಂದು ಟೈರಿನ ದಾರಿಯಲ್ಲೂ ಪ್ರತಿ ಸೆಕೆಂಡಿಗೆ 8 ಲೀಟರ್ ನೀರು ಸಿಗುತ್ತದೆ. ಅಷ್ಟನ್ನೂ ಪಕ್ಕಕ್ಕೆ ತಳ್ಳಬೇಕು, ಇಲ್ಲವೇ ಟ್ರೆಡ್‌ನ, ಅಂದರೆ ರಸ್ತೆ ಮುಟ್ಟುವ ರಬ್ಬರ್ ಪದರದ, ಗೀರುಗಳಲ್ಲಿ ಹಿಂದಕ್ಕೆ ಹರಿಸಬೇಕು. ಹೊಸ ಟೈರಿನಲ್ಲಿ ಈ ಗೀರುಗಳ ಆಳ 8 ಮಿಲಿಮೀಟರಿನ ಆಸುಪಾಸು. ಬಹಳ ದೇಶಗಳ ಕಾನೂನು 1.6 ಮಿಲಿಮೀಟರಿಗೆ ಗೆರೆ ಎಳೆದಿದೆ. ಆ ಮಟ್ಟಕ್ಕೆ ಬಂದ ಟೈರ್‌ಗೆ 8 ಲೀಟರ್ ಹರಿಸುವ ಜಾಗ ಎಲ್ಲಿಂದ ಬರಬೇಕು? ನೀರು ಟೈರಿನ ಅಡಿಗೆ ನುಗ್ಗುತ್ತದೆ, ಟೈರ್ ಅದರ ಮೇಲೆ ತೇಲುತ್ತದೆ. ಅಂಗೈಯಗಲ ರಸ್ತೆ ಮುಟ್ಟುತ್ತಿದ್ದ ರಬ್ಬರ್ ಈಗ ಏನನ್ನೂ ಮುಟ್ಟುತ್ತಿಲ್ಲ.

ಯಾವ ಜೋಡಿ ಸವೆದಿದೆಯೋ ಅದು ಮೊದಲು ತೇಲುತ್ತದೆ. ನೀವು ನಿಜವಾಗಿ ಆರಿಸುತ್ತಿರುವುದು ಇಷ್ಟೇ: ಮೊದಲು ಮುಂದಿನದು ತೇಲಬೇಕೋ, ಹಿಂದಿನದೋ?

ಮುಂದಿನದು ತೇಲಿತು ಅಂದುಕೊಳ್ಳಿ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಹೆದರಿಕೆಯಾಗುತ್ತದೆ, ಕಾಲು ತಾನಾಗೇ ಆಕ್ಸಿಲರೇಟರ್ ಬಿಡುತ್ತದೆ. ಇಲ್ಲಿ ಮಾಡಬೇಕಾದದ್ದೂ ಅದೇ. ವೇಗ ಇಳಿಯುತ್ತದೆ, ಭಾರ ಮುಂದಕ್ಕೆ ಬರುತ್ತದೆ, ಟೈರ್ ಮತ್ತೆ ರಸ್ತೆಯನ್ನು ಹಿಡಿಯುತ್ತದೆ. ಡ್ರೈವಿಂಗ್ ಕಲಿತು ತಿಂಗಳಾದವರೂ ಹೆಚ್ಚಿನ ಸಲ ಪಾರಾಗಬಹುದು.

ಈಗ ಹಿಂದಿನದು ತೇಲಲಿ. ಮೊದಲನೆಯದಾಗಿ, ನಿಮಗೆ ಗೊತ್ತೇ ಆಗುವುದಿಲ್ಲ. ಸ್ಟೀರಿಂಗ್ ಗಟ್ಟಿಯಾಗಿಯೇ ಇದೆ, ಏಕೆಂದರೆ ಕೈಗೆ ಸುದ್ದಿ ಬರುವುದು ಮುಂದಿನ ಚಕ್ರದಿಂದ ಮಾತ್ರ. ಅಲ್ಲಿ ಹೊಸ ಟೈರ್ ಬೇರೆ ಇದ್ದರೆ 'ಎಲ್ಲ ಸರಿಯಿದೆ' ಎಂದೇ ಅದು ಹೇಳುತ್ತಿರುತ್ತದೆ. ನೀವು ಆ ಧೈರ್ಯದಲ್ಲಿ ತಿರುವಿಗೆ ಇನ್ನೂ ಸ್ವಲ್ಪ ಜಾಸ್ತಿ ವೇಗದಲ್ಲೇ ನುಗ್ಗುತ್ತೀರಿ. ಹಿಂಭಾಗ ಪಕ್ಕಕ್ಕೆ ಸರಿದದ್ದು ಸೀಟಿನಲ್ಲಿ ಕೂತ ಸೊಂಟಕ್ಕೆ ತಿಳಿಯುವಷ್ಟರಲ್ಲಿ ಗಾಡಿ ಅರ್ಧ ತಿರುಗಿರುತ್ತದೆ. ಮತ್ತೆ ಅದೇ ಹೆದರಿಕೆ, ಅದೇ ಕಾಲು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಭಾರ ಮುಂದಕ್ಕೆ ಹೋಗಿ, ಮೊದಲೇ ಜಾರುತ್ತಿದ್ದ ಹಿಂಭಾಗ ಇನ್ನಷ್ಟು ಹಗುರವಾಗುತ್ತದೆ. ಬ್ರೇಕ್ ಒತ್ತಿದರಂತೂ ಕೇಳುವುದೇ ಬೇಡ. ಬಾಲ ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿ, ಎಷ್ಟು ಬೇಕೋ ಅಷ್ಟೇ ತಿರುಗಿಸಿ, ಸರಿಯಾದ ಹೊತ್ತಿಗೆ ವಾಪಸ್ ತರಬೇಕು. ರೇಸ್ ಓಡಿಸುವವರಿಗೆ ಇದು ರೂಢಿ. ನನಗೆ ಬರುವುದಿಲ್ಲ, ನಿಮಗೂ ಬರುವುದಿಲ್ಲ ಎಂದೇ ಇಟ್ಟುಕೊಳ್ಳೋಣ.

"ಮುಂದಿನ ಟೈರೇ ನೀರು ಒರೆಸಿಕೊಂಡು ಹೋಗುತ್ತಲ್ಲ ಸಾರ್, ಹಿಂದಿನದಕ್ಕೆ ಒಣ ರಸ್ತೆ ಸಿಗಲ್ವಾ?" ಎಂದು ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ನೇರ ರಸ್ತೆಯಲ್ಲಿ ಒಂದು ಮಟ್ಟಿಗೆ ಅದು ನಿಜ. ಆದರೆ ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನದರ ಜಾಡಿನಲ್ಲೇ ಬರುವುದಿಲ್ಲ, ಪಕ್ಕದ ನೀರಿಗೆ ಇಳಿಯುತ್ತದೆ. ಜಾರಬಾರದ ಜಾಗವೂ ತಿರುವೇ.

ಕಾರಿನಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇದೆ ಎಂಬ ಧೈರ್ಯ ಕೆಲವರದು. ಅದು ಬಹಳ ಒಳ್ಳೆಯ ವ್ಯವಸ್ಥೆ, ಬೇಡ ಅನ್ನುವುದಿಲ್ಲ. ಆದರೆ ಅದು ಮಾಡುವುದು ಒಂದೊಂದೇ ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ, ಇಂಜಿನ್ ಶಕ್ತಿ ತಗ್ಗಿಸಿ ಗಾಡಿಯನ್ನು ದಾರಿಗೆ ತರುವ ಕೆಲಸ. ನೀರಿನ ಮೇಲೆ ತೇಲುತ್ತಿರುವ ಚಕ್ರಕ್ಕೆ ಬ್ರೇಕ್ ಹಾಕಿ ಏನು ಬಂತು?

ಹೊಸದನ್ನು ಹಿಂದೆ ಹಾಕಿದರೆ ನಷ್ಟವೇ ಇಲ್ಲವೇ? ಇದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಗಾಡಿ ನಿಲ್ಲಲು ಸ್ವಲ್ಪ ಹೆಚ್ಚು ದೂರ ಬೇಕಾಗಬಹುದು, ಏಕೆಂದರೆ ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಟೈರಿನದು. ಹಾಗಾಗಿ ಹಿಂದೆ ಹೊಸದು ಇದೆಯೆಂದು ಮುಂದೆ ಬೋಳು ಟೈರ್ ಓಡಿಸಲು ನಾನು ಒಪ್ಪುವುದಿಲ್ಲ. ಮುಂದಕ್ಕೆ ಬರುವ ಹಳೆಯ ಟೈರಿನಲ್ಲಿ ಕನಿಷ್ಠ 3 ಮಿಲಿಮೀಟರ್ ಆಳ ಇರಲಿ. ಇಲ್ಲದಿದ್ದರೆ ನಾಲ್ಕನ್ನೂ ಬದಲಿಸಿ.

ಇನ್ನೊಂದು ವಿಷಯಕ್ಕೆ ಜನ ಎರಡೇ ದಿನದಲ್ಲಿ ವಾಪಸ್ ಬರುತ್ತಾರೆ. "ಹಿಂದೆ ಏನೋ ಓಲಾಡಿದ ಹಾಗೆ ಆಗ್ತಿದೆ" ಎನ್ನುತ್ತಾರೆ. ಹೊಸ ಟ್ರೆಡ್‌ನ ರಬ್ಬರ್ ಗಟ್ಟಿಗಳು ಎತ್ತರವಾಗಿರುತ್ತವೆ, ಪಕ್ಕಕ್ಕೆ ಒತ್ತಡ ಬಿದ್ದಾಗ ಸ್ವಲ್ಪ ಬಾಗುತ್ತವೆ. ಒಣ ರಸ್ತೆಯ ಮಟ್ಟಿಗೆ ಸವೆದ ಟೈರೇ ಹೆಚ್ಚು ಬಿಗಿ ಅನ್ನಿಸುವುದೂ ಉಂಟು. ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಅಚ್ಚಿನಿಂದ ಬಂದ ಜಾರು ಮೇಲ್ಪದರ ಸವೆಯಲಿ. ಆಮೇಲೂ ಓಲಾಡಿದರೆ ಗಾಳಿ ನೋಡಿಸಿ, ಬ್ಯಾಲೆನ್ಸಿಂಗ್ ನೋಡಿಸಿ.

ಹಿಂದಿನ ಚಕ್ರ ಎಳೆಯುವ ಗಾಡಿಗೂ ಇದೇ ಮಾತು. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಮಾತ್ರ ಲೆಕ್ಕ ಬೇರೆ. ಟ್ರೆಡ್‌ನಲ್ಲಿ 3 ಮಿಲಿಮೀಟರ್ ವ್ಯತ್ಯಾಸವಿದ್ದರೆ ಟೈರಿನ ಸುತ್ತಳತೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಂದರಷ್ಟು ವ್ಯತ್ಯಾಸ ಬರುತ್ತದೆ. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ, ನಡುವಿನ ಕ್ಲಚ್ ಅಥವಾ ಡಿಫರೆನ್ಷಿಯಲ್ ಬಿಸಿಯಾಗಿ ಸವೆಯುತ್ತದೆ. ಅಂಥ ಗಾಡಿಯ ಕೈಪಿಡಿ ಓದಿಯೇ ಟೈರ್ ಕೊಳ್ಳಿ. ಬೈಕ್‌ಗೆ ಈ ಅಂಕಣ ಅನ್ವಯಿಸಬೇಡಿ, ಅಲ್ಲಿ ಮುಂದಿನ ಚಕ್ರ ಜಾರಿದರೆ ನೆಲ ಕಂಡ ಹಾಗೇ.

ಟೈರ್ ರೊಟೇಷನ್, ಅಂದರೆ ಮುಂದಿನ ಮತ್ತು ಹಿಂದಿನ ಟೈರ್‌ಗಳನ್ನು ಅದಲುಬದಲು ಮಾಡುವುದರ ಬಗ್ಗೆ ಒಂದು ಎಚ್ಚರ. ಸುಮಾರು 10,000 ಕಿಲೋಮೀಟರಿಗೊಮ್ಮೆ ಮಾಡಿಸುತ್ತ ಬಂದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ, ಈ ತಲೆನೋವೇ ಇರುವುದಿಲ್ಲ. ಆದರೆ ಎಷ್ಟೋ ವರ್ಷ ಸುಮ್ಮನಿದ್ದು, ಮುಂದಿನದು ಪೂರ್ತಿ ಸವೆದ ಮೇಲೆ ರೊಟೇಷನ್ ಮಾಡಿಸಿದರೆ ಆ ಬೋಳು ಜೋಡಿ ಹೋಗಿ ಕೂರುವುದು ಹಿಂದೆ. ಮಾಡಿಸದೆ ಇರುವುದೇ ಮೇಲು.

ಅಂಗಡಿಯಲ್ಲಿ ಒಂದು ಗುರುತು ನೋಡಿಕೊಳ್ಳಿ. ಮುಂದಿನದು ಸವೆದು ಎರಡು ಹೊಸ ಟೈರ್ ಕೊಂಡಾಗ, ಹಿಂದಿನದನ್ನು ಮುಂದಕ್ಕೆ ತರಬೇಕೆಂದರೆ ನಾಲ್ಕು ಚಕ್ರವನ್ನೂ ಬಿಚ್ಚಲೇಬೇಕು. ಹುಡುಗರು ಮುಂದಿನ ಎರಡನ್ನು ಮಾತ್ರ ಬಿಚ್ಚಿ, ಅರ್ಧ ಗಂಟೆಯಲ್ಲಿ "ಆಯ್ತು ಸಾರ್" ಅಂದರೆ ಹೊಸ ಟೈರ್ ಎಲ್ಲಿ ಕೂತಿದೆ ಎಂದು ಬಗ್ಗಿ ನೋಡುವುದೂ ಬೇಡ. ಕೀ ತೆಗೆದುಕೊಳ್ಳುವ ಮೊದಲೇ ಹೇಳಿ, ಇನ್ನೆರಡನ್ನೂ ಬಿಚ್ಚಿಸಿ. ಚಕ್ರ ಅದಲುಬದಲಾದ ಮೇಲೆ ಗಾಳಿಯನ್ನೂ ಹೊಸದಾಗಿ ಹಾಕಿಸಿ. ಬಹಳ ಕಾರುಗಳಲ್ಲಿ ಮುಂದಿನ ಒತ್ತಡ ಬೇರೆ, ಹಿಂದಿನದು ಬೇರೆ. ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಆ ಸಂಖ್ಯೆಗಳಿರುವ ಚೀಟಿ ಅಲ್ಲೇ ಅಂಟಿಸಿರುತ್ತದೆ.