ಪಾದ್ರಿ ಬೇಡ, ಸಾಕ್ಷಿ ಬೇಡ, ಮಾತೊಂದೇ ಸಾಕು

ಮಧ್ಯಯುಗದ ಯುರೋಪಿನಲ್ಲಿ ಮದುವೆ ಸಿಂಧುವಾಗಲು ಪಾದ್ರಿ ಇರಲೇಬೇಕು ಅಂತೇನೂ ಇರಲಿಲ್ಲ. ಅಪ್ಪ ಅಮ್ಮ ಒಪ್ಪಲೇಬೇಕು ಅಂತಲೂ ಇರಲಿಲ್ಲ. ಹೀಗೆ ತೀರ್ಮಾನ ಮಾಡಿದ್ದು ಸ್ವತಃ ಚರ್ಚು! ಪ್ರೇಮಿಗಳ ಮೇಲಿನ ಕನಿಕರಕ್ಕಿಂತ ಬ್ರಹ್ಮಚರ್ಯದ ಮೇಲಿನ ಗೌರವವೇ ಇದಕ್ಕೆ ದಾರಿ ಮಾಡಿಕೊಟ್ಟಿತು.

ಸುಮಾರು 1140ರಲ್ಲಿ ಬೊಲೋನ್ಯಾದ ಗ್ರೇಷಿಯನ್ ಚರ್ಚಿನ ಕಾನೂನುಗಳನ್ನು ಒಟ್ಟುಗೂಡಿಸಿದ. ಒಪ್ಪಿಗೆಯಿಂದ ಮದುವೆ ಶುರು, ಗಂಡ ಹೆಂಡತಿ ಕೂಡಿದ ಮೇಲೆ ಪೂರ್ತಿ ಅಂದ. ಹಾಗಾದರೆ ಕನ್ಯೆಯಾಗಿಯೇ ಉಳಿದ ಯೇಸುವಿನ ತಾಯಿ ಮೇರಿ ಮತ್ತು ಅವಳ ಗಂಡ ಜೋಸೆಫರದ್ದು ಅರೆಬರೆ ಮದುವೆಯಾ? ಪ್ಯಾರಿಸ್‌ನ ಧರ್ಮಪಂಡಿತ ಪೀಟರ್ ಲೊಂಬಾರ್ಡ್ ಇದನ್ನು ಒಪ್ಪಲಿಲ್ಲ. ಒಪ್ಪಿಗೆಯ ಮಾತಿನಿಂದಲೇ ಮದುವೆ ಆಗಿಹೋಗುತ್ತದೆ ಅನ್ನುವುದು ಅವನ ವಾದ. ಪೋಪ್ 3ನೇ ಅಲೆಕ್ಸಾಂಡರ್ (1159–1181) ಹೆಚ್ಚುಕಡಿಮೆ ಇದನ್ನೇ ಕಾನೂನು ಮಾಡಿದ. ‘ಈಗಿಂದ ನೀನು ನನ್ನ ಹೆಂಡತಿ’, ‘ನೀನು ನನ್ನ ಗಂಡ’ ಅಂದರೆ ಮುಗೀತು. ‘ಮುಂದೆ ಆಗ್ತೀನಿ’ ಅಂದವರು ಆಮೇಲೆ ಕೂಡಿದರೆ ಅದೂ ಮದುವೆಯೇ. ಹುಡುಗಿಗೆ 12, ಹುಡುಗನಿಗೆ 14 ತುಂಬಿರಬೇಕು. ಹತ್ತಿರದ ನೆಂಟರಾಗಿರಬಾರದು, ಮೊದಲೇ ಮದುವೆಯಾಗಿರಬಾರದು.

ಗುಟ್ಟಿನ ಮದುವೆಗಳು ಚರ್ಚಿಗೂ ತಲೆನೋವಾದವು. ಮದುವೆಯನ್ನು ಮೊದಲೇ ಊರಿಗೆ ಸಾರಬೇಕು ಎಂದು 1215ರಲ್ಲಿ ಲ್ಯಾಟರನ್‌ನಲ್ಲಿ ಸೇರಿದ ಚರ್ಚಿನ ಮಹಾಸಭೆ ಕಟ್ಟಪ್ಪಣೆ ಮಾಡಿತು. ಮುರಿದರೆ ಶಿಕ್ಷೆ ಉಂಟು, ಆದರೆ ಮದುವೆ ಮಾತ್ರ ಬೀಳುವುದಿಲ್ಲ! ‘ನಾನು ಹಾಗೆ ಅಂದೇ ಇಲ್ಲ’ ಎಂದು ಜಾರಿಕೊಳ್ಳುವವರಿಗೂ ಈ ಗುಟ್ಟೇ ಅನುಕೂಲ. ಸಾಕ್ಷಿಯಿಲ್ಲದ ಹೆಣ್ಣು ಕೋರ್ಟಿನಲ್ಲಿ ಏನು ತಾನೇ ಮಾಡಿಯಾಳು?

ಮನೆಯವರು ಎಷ್ಟು ಪೇಚಿಗೆ ಸಿಕ್ಕಬಹುದು ಅನ್ನುವುದಕ್ಕೆ ಇಂಗ್ಲೆಂಡಿನ ನಾರ್ಫೋಕ್‌ನ ಪ್ಯಾಸ್ಟನ್ ಮನೆತನವೇ ಸಾಕ್ಷಿ. ಅವರ ಪತ್ರಗಳು ಇಂದಿಗೂ ಉಳಿದಿವೆ. ಆ ಮನೆಯ ಮಗಳು ಮಾರ್ಜರಿ ತಮ್ಮ ಜಮೀನು ನೋಡಿಕೊಳ್ಳುತ್ತಿದ್ದ ರಿಚರ್ಡ್ ಕಾಲ್‌ಗೆ ಗುಟ್ಟಾಗಿ ಮಾತು ಕೊಟ್ಟಳು. ತಂಗಿ ಫ್ರಾಮ್ಲಿಂಗ್‌ಹ್ಯಾಮ್‌ನಲ್ಲಿ ಮೋಂಬತ್ತಿ, ಸಾಸಿವೆ ಮಾರುವುದಕ್ಕೆ ತಾನು ಒಪ್ಪುವವನಲ್ಲ ಎಂದು ಅಣ್ಣ ಬರೆದ. 1469ರಲ್ಲಿ ವಿಷಯ ನಾರ್ವಿಚ್ ಬಿಷಪ್‌ರ ಮುಂದೆ ಬಂತು. ಮನೆತನದ ಮರ್ಯಾದೆಯ ಬುದ್ಧಿಮಾತು ಆದ ಮೇಲೆ ಬಿಷಪ್, ಆಡಿದ ಮಾತನ್ನು ಆಡಿದ ಹಾಗೇ ಹೇಳು ಅಂದರು. ಅವಳು ಹೇಳಿದಳು. ಇದು ಸಾಲದಿದ್ದರೆ ಇಲ್ಲಿಂದ ಹೋಗುವ ಮೊದಲು ಇನ್ನೂ ಗಟ್ಟಿ ಮಾಡಿಯೇ ಹೋಗ್ತೀನಿ ಅಂತಲೂ ಅಂದಳು! ರಿಚರ್ಡ್‌ನನ್ನು ಬೇರೆಯಾಗಿ ವಿಚಾರಿಸಿದರು. ತಾಯಿ ಮಗಳಿಗೆ ಬಾಗಿಲು ಮುಚ್ಚಿಸಿದಳು. ಆದರೂ ಮದುವೆ ಸಿಂಧುವಾಗಿಯೇ ಉಳಿಯಿತು.

1563ರಲ್ಲಿ ಟ್ರೆಂಟ್‌ನಲ್ಲಿ ಸೇರಿದ ಚರ್ಚಿನ ಮಹಾಸಭೆ ಪಾದ್ರಿ ಮತ್ತು ಸಾಕ್ಷಿಗಳನ್ನು ಕಡ್ಡಾಯ ಮಾಡಿತು. ಅಷ್ಟರಲ್ಲಿ ಇಂಗ್ಲೆಂಡ್ ರೋಮಿನ ಪೋಪರ ಚರ್ಚಿನಿಂದ ಬೇರೆಯಾಗಿತ್ತು, ಹಾಗಾಗಿ ಅಲ್ಲಿ ಈ ನಿಯಮ ನಡೆಯಲಿಲ್ಲ. ಅಲ್ಲಿ ಹಳೇ ಪದ್ಧತಿಗೆ ತಡೆ ಬಿದ್ದದ್ದು 1753ರ ಕಾಯ್ದೆಯಿಂದ. ಆಮೇಲೆ ಓಡಿಹೋಗುವ ಜೋಡಿಗಳು ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ಸೇರತೊಡಗಿದರು. ಅಲ್ಲಿ ಮಾತಿನ ಮದುವೆ 1940ರವರೆಗೂ ಕಾನೂನುಬದ್ಧವಾಗಿತ್ತು.